ಕಾಲುವೆ ನೀರಿಗೆ ಮಾತ್ರ ದರ

ಭಾನುವಾರ, ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಪೇಪರಿನಲ್ಲಿ ನಿನ್ನ ಫೋಟೊ ನೋಡಿದೆ. ನೀನು ಕಾಲುವೆಗೆ ಮೀಟರ್ ಹಾಕಿಸಿ, ಬಳಸಿದಷ್ಟು ನೀರಿಗೆ ದರ ಇಟ್ಟ ಮೇಲೆ ನಮ್ಮ ಕಡೆ ಬಳಕೆ ಅರ್ಧಕ್ಕೆ ಇಳಿಯಿತಂತೆ, ರೈತರು ಮಿತವ್ಯಯ ಕಲಿತರಂತೆ. ಓದಿ ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು. ಅಯ್ಯೋ ಮಹರಾಯ್ತಿ, ಯಾರು ಏನು ಕಲಿತರು? ನೆಲದೊಳಗಿನ ನೀರಿಗೆ ನಿಮ್ಮ ನೀರಾವರಿ ಇಲಾಖೆ ದರವನ್ನೇ ಇಡಲಿಲ್ಲ. ಎಲ್ಲರೂ ಕಾಲುವೆ ಬಿಟ್ಟು ಬೋರ್‌ವೆಲ್ ಕೊರೆಸಿಕೊಂಡರು, ಅಷ್ಟೇ.

ನಮ್ಮ ಯಜಮಾನರೇನು ಕಡಿಮೆಯೇ? ಪಕ್ಕದ ಹೊಲದ ಮೀಸೆ ಮಾವ ಆಳಕ್ಕೆ ಕೊರೆಸಿದರೆಂದು ಇವರು ಇನ್ನೂ ಆಳಕ್ಕೆ ಹೋದರು. ಸಾಕು, ನಿಲ್ಲಿಸಿ ಎಂದರೆ, ನಾನು ನಿಲ್ಲಿಸಿದ್ರೆ ನಮ್ಮ ನೀರೂ ಆ ಮೀಸೆ ಪಾಲಾಗತ್ತೆ, ಮೊದ್ಲು ಅವ್ನು ನಿಲ್ಲಿಸ್ಲಿ ಅಂತಾರೆ. ಬೇಲಿ ದಾಟಿ ಹೋಗಿ ಕೇಳಿದೆ. ಮೀಸೆ ಮಾವನೂ ಅದನ್ನೇ ಅಂದರು.

ಈಗ ಒಳಗಿನ ನೀರು ಬರಿದಾಗಿ ನೆಲ ಕುಸಿಯುತ್ತಿದೆ ಅಕ್ಕಾ. ಮೊದಲು ಅಡುಗೆಮನೆ ಬಾಗಿಲು ಮುಚ್ಚದಾಯಿತು. ಮರ ಉಬ್ಬಿದೆ ಎಂದು ಇವರು ಹೆರೆಸಿದರು. ಗೋಡೆ ಬಿರಿಯಿತು, ಸಿಮೆಂಟು ಮೆತ್ತಿಸಿದರು. ಹೋದ ವಾರ ಮೀಸೆ ಮಾವನ ಪಂಪ್‌ಹೌಸು ಹಾಡಹಗಲೇ ನೆಲದೊಳಕ್ಕೆ ಇಳಿದುಹೋಯಿತು. ಊರೆಲ್ಲ ದೂರ ನಿಂತು ನೋಡುತ್ತಿದ್ದೆವು. ಇವರು ಮಾತ್ರ ಮನೆಗೆ ಬಂದು, ಇನ್ನು ನೀರೆಲ್ಲ ನಮ್ದೇ ಕಣೇ ಎಂದು ನಗುನಗುತ್ತಾ ಎರಡನೇ ಮೋಟಾರನ್ನೂ ಹಾಕಿದರು.

ಬೋರ್‌ವೆಲ್ಲಿಗೂ ಮೀಟರ್ ಹಾಕಿಸು. ನಾಳೆಯೇ ಯಾರನ್ನಾದರೂ ಕಳಿಸಿ ಮೋಟಾರು ನಿಲ್ಲಿಸು. ಹೊಗಳಿಸಿಕೊಂಡ ಮೇಲೆ ತಪ್ಪಾಯಿತು ಎನ್ನುವುದು ಕಷ್ಟ, ಗೊತ್ತು. ಆದರೂ ಅನ್ನು. ಇವರು ನನ್ನನ್ನು ಮನೆಮುರುಕಿ ಅಂದರೂ ಪರವಾಗಿಲ್ಲ. ಉಳಿದಂತೆ ನಾವು ಚೆನ್ನಾಗಿದ್ದೇವೆ, ಚಿಂತೆ ಮಾಡಬೇಡ.

ನಿನ್ನ ಬಾಯಿಬಡುಕಿ ತಂಗಿ

ತಾ.ಕ.: ಮೀಸೆ ಮಾವನ ಮನೆಯವರು ಇವತ್ತು ಊರು ಬಿಡುತ್ತಿದ್ದಾರೆ, ಅವರ ಜೊತೆ ಮಗಳನ್ನೂ ಈ ಪತ್ರವನ್ನೂ ನಿನ್ನ ಹತ್ತಿರ ಕಳಿಸುತ್ತಿದ್ದೇನೆ. ರಜೆಗೆ ದೊಡ್ಡಮ್ಮನ ಮನೆಗೆ ಹೋಗುತ್ತಿದ್ದೇನೆ ಎಂದುಕೊಂಡಿದ್ದಾಳೆ, ಹಾಗೇ ಇರಲಿ. ಅವಳು ಮಲಗುವ ಕೋಣೆಯ ನೆಲ ಇವತ್ತು ಬಾಯಿ ಬಿಟ್ಟಿದೆ. ಕಲ್ಲು ಹಾಕಿ ನೋಡಿದೆ, ಬಿದ್ದ ಸದ್ದೇ ಕೇಳಲಿಲ್ಲ. ಇವರು ಮನೆ ಬಿಟ್ಟು ಬರುವುದಿಲ್ಲ, ಇವರನ್ನು ಬಿಟ್ಟು ನಾನು ಹೇಗೆ ಬರಲಿ? ಎಷ್ಟು ಅತ್ತರೂ ಅವಳನ್ನು ವಾಪಸು ಕಳಿಸಬೇಡ. ರಜೆ ಮುಗಿದ ಮೇಲೆ ಅಲ್ಲೇ ಶಾಲೆಗೆ ಸೇರಿಸಿಬಿಡು.