ಹದಿನಾಲ್ಕು ಪುಸ್ತಕಗಳ ನಿಯಮ

ಸಾಂಗಲಿ,
೧೪ ಅಕ್ಟೋಬರ್ ೨೦೧೧

ಮುದ್ದಿನ ವೃಷಾಲಿಗೆ ಅಜ್ಜಿಯ ತುಂಬು ಆಶೀರ್ವಾದ.

ಹೇಗಿದ್ದೀ? ಕೆಮ್ಮು ಹೋಯಿತೋ, ಇಲ್ಲ ಆ ಮೆಸ್ಸಿನ ಎಣ್ಣೆ ತಿಂದು ಇನ್ನೂ ಗಂಟಲು ಕೆರೆದುಕೊಳ್ಳುತ್ತಿದ್ದೀಯೋ? ಜಪಾನೀ ಭಾಷೆಯ ಪರೀಕ್ಷೆ ಡಿಸೆಂಬರಿನಲ್ಲಿ ಎಂದು ನಿನ್ನ ಅವ್ವ ಹೇಳಿದಳು. ಓದು, ಆದರೆ ಊಟ ಬಿಟ್ಟು ಓದಬೇಡ. ಫೋನಿನಲ್ಲಿ ಕೇಳಿದರೆ ನಿನ್ನ ಬಾಯಿಂದ ಬರುವುದು ಎರಡೇ ಮಾತು, 'ಹೂಂ' ಮತ್ತು 'ಆರಾಮ ಅದೇನಿ'. ಅದಕ್ಕೇ ಕಾಗದ ಹಿಡಿದೆ. ಕನ್ನಡದಲ್ಲಿ ಬರೆಯುವುದಕ್ಕೂ ಕಾರಣವಿದೆ. ನಾನು ಶೇಡಬಾಳದ ಶಾಲೆಯಲ್ಲಿ ಕಲಿತ ಅಕ್ಷರವನ್ನು ನಿನಗೊಬ್ಬಳಿಗೆ ಕಲಿಸಿದ್ದೇನೆ. ನಿಮ್ಮಪ್ಪ ಮಾತಾಡುವುದು ಕನ್ನಡವಾದರೂ ಓದಿದ್ದು ಮರಾಠಿ ಶಾಲೆಯಲ್ಲಿ. ಅವನಿಗೆ ಇದೆಲ್ಲ ಬರೀ ಜಿಲೇಬಿ. ನನ್ನ ಮೊಣಕಾಲು ಇದ್ದ ಹಾಗೇ ಇದೆ. ನಿನ್ನ ಅವ್ವ ಚಕ್ಕುಲಿ ಹಿಟ್ಟು ಬೀಸಿಸಿಕೊಂಡು ಬಂದಿದ್ದಾಳೆ. ನಿಮ್ಮಪ್ಪನೂ ಆರಾಮ ಇದ್ದಾನೆ. ನೀನು ಕೇಳುವುದಿಲ್ಲ, ಆದರೂ ಹೇಳುತ್ತಿದ್ದೇನೆ.

ಊರು ಬೆಳೆಯುತ್ತಲೇ ಇದೆ. ಮಿರಜ ರಸ್ತೆಯ ಎರಡೂ ಬದಿಗೆ ಮನೆ, ಅಂಗಡಿ. ಸಾಂಗಲಿ ಎಲ್ಲಿ ಮುಗಿಯಿತು, ಮಿರಜ ಎಲ್ಲಿ ಶುರುವಾಯಿತು ಎನ್ನುವುದು ಬಸ್ಸಿನ ಕಂಡಕ್ಟರನಿಗೆ ಮಾತ್ರ ಗೊತ್ತು. ನಮ್ಮೆದುರಿನ ಬಾಪೂಸಾಹೇಬರ ವಾಡೆ ಬಿತ್ತಲ್ಲ, ಅಲ್ಲಿ ಐದು ಮಜಲಿನ ಅಪಾರ್ಟ್‌ಮೆಂಟು ಎದ್ದಿದೆ. ಅದರ ತಲೆಯ ಮೇಲೆ ನೀರಿನ ಎರಡು ಕರಿ ಟಾಕಿ. ಸಂಜೆ ಸೂರ್ಯ ಆ ಟಾಕಿಗಳ ಹಿಂದೆ ಹೋಗಿಬಿಡುತ್ತಾನೆ. ಹೊತ್ತು ಮುಳುಗುವ ಮೊದಲೇ ಉಣ್ಣಬೇಕಾದ ನಮ್ಮಂಥ ಜೈನರ ಪಾಡು ಕೇಳಬೇಡ. ಹೊತ್ತು ಮುಳುಗಿತೋ, ಬರೀ ಟಾಕಿಯ ಹಿಂದೆ ಹೋಯಿತೋ ಎಂದು ದಿನಾ ನಿನ್ನ ಅವ್ವನನ್ನು ಟೆರೇಸಿಗೆ ಅಟ್ಟುತ್ತೇನೆ.

ಈಗ ಅಸಲಿ ಸುದ್ದಿ. ನಿನ್ನ ಪುಸ್ತಕಗಳು, ಆ ಜಪಾನೀ ಚಿತ್ರಕಥೆಗಳು, ಸುರಕ್ಷಿತವಾಗಿವೆ. ಯುಗಾದಿಯ ಹಿಂದಿನ ವಾರ ನಿಮ್ಮಪ್ಪ ಆ ರಟ್ಟಿನ ಡಬ್ಬ ಬಿಚ್ಚಿ, 'ಇಂಥಾ ಘಾಣ, ಹೊಲಸು ಓದಾಕ ಪುಣೆಗೆ ಕಳಿಸೇನೇನು? ಈ ಹುಚ್ಚು ಬಿಟ್ಟ ದಿವಸ ಮನಿಗೆ ಬಾ' ಎಂದು ಕೂಗಿದ. ನೀನು ಬಡಿಸಿದ ತಾಟು ಬಿಟ್ಟು ಎಸ್.ಟಿ. ಬಸ್ಸು ಹತ್ತಿದೆ. ಅಜ್ಜಿಗೆ ಒಂದು ಮಾತು ಹೇಳಲಿಲ್ಲ, ಅದನ್ನು ನಾನು ಮರೆತಿಲ್ಲ. ಆಷಾಢದಲ್ಲಿ ನಿಮ್ಮಪ್ಪ ರದ್ದಿಯವನನ್ನು ಕರೆದುಕೊಂಡು ಬಂದ. ತಕ್ಕಡಿ ಬಾಗಿಲಿಗೆ ಬಂದಿತ್ತು. ಮರುದಿನವೇ ಚಾತುರ್ಮಾಸ. ಪ್ರತಿ ವರ್ಷ ನಾನು ಏನಾದರೊಂದು ನಿಯಮ ಹಿಡಿಯುತ್ತೇನಲ್ಲ, ಹೋದ ವರ್ಷ ಸಿಹಿ ಬಿಟ್ಟಿದ್ದೆ, ಈ ವರ್ಷ ಇನ್ನೂ ಯಾವುದೆಂದು ಗೊತ್ತುಮಾಡಿರಲಿಲ್ಲ. ಏನು ತಿಳಿಯಿತೋ ಏನೋ, ಡಬ್ಬದ ಮೇಲೆ ಕುಳಿತು, ಜಪಮಾಲೆ ಕೈಯಲ್ಲಿ ಹಿಡಿದು ಹೇಳಿಬಿಟ್ಟೆ: ಈ ಪುಸ್ತಕಗಳನ್ನು ಪೂರ್ತಿ ಕೇಳಿ ಮುಗಿಸುತ್ತೇನೆ, ದಿನಕ್ಕೊಂದು ಅಧ್ಯಾಯ ಕೇಳದೆ ಸಂಜೆ ಅನ್ನ ಮುಟ್ಟುವುದಿಲ್ಲ. ನಿಮ್ಮಪ್ಪನ ಮುಖ ನೀನು ನೋಡಬೇಕಿತ್ತು. ಎಂಥ ಸಿಟ್ಟಿನವನಾದರೂ ತಾಯಿಯ ನಿಯಮ ಮುರಿಸುವ ಎದೆ ಅವನಿಗಿಲ್ಲ. ರದ್ದಿಯವನು ಹಳೆ ಪೇಪರು ತೂಗಿಕೊಂಡು ಹೋದ. ಒಳಗೆ ಏನಿದೆಯೆಂದು ನನಗೂ ಗೊತ್ತಿರಲಿಲ್ಲ ಎನ್ನುವುದು ಆಮೇಲಿನ ಮಾತು.

ಕತೆ ಜಪಾನಿನದಾದರೂ ಅಕ್ಷರ ಇಂಗ್ಲಿಷಿನದು, ನನಗೆ ಅದು ಎಲ್ಲಿ ಬರಬೇಕು? ಪಕ್ಕದ ಮನೆಯ ಗಿರಿಜಾಬಾಯಿಯ ಸೊಸೆ ಸುಮನ ಟ್ಯೂಷನ್ ಹೇಳುತ್ತಾಳಲ್ಲ, ಅವಳನ್ನು ಹಿಡಿದೆ. ದಿನಾ ಐದು ಗಂಟೆಗೆ ಅತ್ತೆ-ಸೊಸೆ ಬರುತ್ತಾರೆ. ಸುಮನ ಓದಿ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಹೇಳುತ್ತಾಳೆ. ನಿನ್ನ ಅವ್ವ ಅಡುಗೆಮನೆಯಲ್ಲಿ ಮಿಕ್ಸರ್ ಬಂದ್ ಮಾಡಿ ಕೇಳುತ್ತಾಳೆ, ಕೇಳುತ್ತಿಲ್ಲ ಎಂಬ ಮುಖ ಮಾಡಿಕೊಂಡು. ಮೊದಲ ದಿನ ಎಡಗಡೆಯಿಂದ ತೆರೆದು, ಕಡೆಯ ಪುಟದ ಜಗಳ ಮೊದಲೇ ಓದಿಬಿಟ್ಟೆವು. ಜಪಾನೀ ಪುಸ್ತಕ ಬಲಗಡೆಯಿಂದ ಓದಬೇಕೆಂದು ತಿಳಿದದ್ದು ಮರುದಿನ. ಪಿಯಾನೋ ಶ್ರುತಿಮಾಡುವ ಸೋಜಿ, ನೆನೆಸಿದ ಕಾಳು ಹುದುಗೆಬ್ಬಿಸಿ ಮಾರುವ ಅಂಗಡಿಯವನ ಮಗ ಮಿನೋರು, ಇಬ್ಬರೂ ಒಳ್ಳೇ ಗೆಳೆಯರು ಎಂದುಕೊಂಡು ಕೇಳುತ್ತಿದ್ದೆವು. ಎರಡನೆಯ ಪುಸ್ತಕದ ನಡುವೆ ಸುಮನ ಎರಡು ಹಾಳೆ ಒಟ್ಟಿಗೆ ತಿರುವಿದಳು. ಏನದು ಎಂದರೆ, 'ಕಾಕೂ, ಇಲ್ಲಿ ಮಾತಿಲ್ರಿ, ಬರೇ ಚಿತ್ರ ಅದಾವ' ಎಂದಳು. 'ಚಿತ್ರ ನೋಡಾಕ ಇಂಗ್ಲಿಷ್ ಬೇಕೇನ?' ಎಂದು ಗಿರಿಜಾಬಾಯಿ ಪುಸ್ತಕ ಕಸಿದುಕೊಂಡಳು. ನೋಡಿದಳು. ನನಗೆ ಕೊಟ್ಟಳು. ನಾನೂ ನೋಡಿದೆ. ಸ್ವಲ್ಪ ಹೊತ್ತು ಮೂವರೂ ಗೋಡೆ ನೋಡಿದೆವು. ಅಯ್ಯೋ ನನ್ನ ನಿಯಮವೇ, ಎಂದುಕೊಂಡೆ. ಆದರೆ ಹಿಡಿದದ್ದನ್ನು ಬಿಡುವ ಹಾಗಿಲ್ಲ. 'ಮುಂದ ಓದವಾ' ಎಂದೆ.

ಮೂರು ತಿಂಗಳು ಕೇಳಿದ್ದೇನೆ, ನನ್ನ ಅಭಿಪ್ರಾಯ ಹೇಳುವ ಹಕ್ಕು ನನಗಿದೆ. ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಈ ಬರೆದವಳಿಗೆ (ಹೆಂಗಸಂತೆ, ಸುಮನ ಹೇಳಿದಳು) ಅವಸರವಿಲ್ಲ. ಇಪ್ಪತ್ತೆರಡರ ಹುಡುಗರು ಹದಿಮೂರನೆಯದರಲ್ಲಿ ನಲವತ್ತರ ಹತ್ತಿರ ಬಂದಿದ್ದಾರೆ, ಕಣ್ಣಿನ ಕೆಳಗೆ ಗೆರೆ ಬರೆದಿದ್ದಾಳೆ, ಸೋಜಿಯ ಬೆನ್ನು ನೋಯುತ್ತದೆ, ಮಿನೋರು ಮುಲಾಮು ತಿಕ್ಕುತ್ತಾನೆ. ಕೂಡಿ ಬಾಳುವುದು ಎಂದರೆ ಮುಲಾಮು ತಿಕ್ಕುವುದೇ, ನಿನ್ನ ಅಜ್ಜ ಹೋಗಿ ಹನ್ನೊಂದು ವರ್ಷವಾಯಿತು, ನನಗೆ ಗೊತ್ತು. ಸೋಜಿ ತಂತಿಗೆ ಕಿವಿ ಕೊಡುವ ಚಿತ್ರ ನೋಡಿ ಗಿರಿಜಾಬಾಯಿ, 'ಥೇಟ್ ಮಿರಜಿನ ತಂಬೂರಿ ಮಾಡೋರ ಹಂಗ' ಎಂದಳು. ಗಂಡು ಗಂಡಿನ ಪ್ರೀತಿ ಸರಿಯೋ ತಪ್ಪೋ ಎಂಬ ಚರ್ಚೆ ನಮ್ಮಲ್ಲಿ ನಾಲ್ಕನೆಯ ಪುಸ್ತಕದ ತನಕ ನಡೆಯಿತು. ಆಮೇಲೆ ಸೋಜಿಯ ಜ್ವರ ಇಳಿಯುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿ ಅದು ಹಿಂದೆ ಬಿತ್ತು.

ತಪ್ಪುಗಳೂ ಕಡಿಮೆ ಇಲ್ಲ. ಚಿತ್ರದ ಗಂಡಸರ ಗದ್ದ ಎಷ್ಟು ಚೂಪು ಎಂದರೆ ಅದರಲ್ಲಿ ಬದನೆಕಾಯಿ ಹೆಚ್ಚಬಹುದು. ಹೆಂಗಸರಿಗೆ ಚಹಾ ತರುವುದು ಇಲ್ಲವೇ ಹೊಟ್ಟೆಕಿಚ್ಚು ಪಡುವುದು ಬಿಟ್ಟು ಬೇರೆ ಉದ್ಯೋಗ ಕೊಟ್ಟಿಲ್ಲ, ಹೆಂಗಸೇ ಬರೆದು ಹೀಗೆ! ಮೊದಲ ಪುಸ್ತಕದಲ್ಲಿ ಮಿನೋರು ಬೇಡ ಎಂದರೂ ಸೋಜಿ ಅವನ ಕೈ ಹಿಡಿದು ಜಗ್ಗುತ್ತಾನಲ್ಲ, ಅದನ್ನು ಪ್ರೀತಿ ಎಂದು ತೋರಿಸಿದ್ದು ನಮಗ್ಯಾರಿಗೂ ಸೇರಲಿಲ್ಲ. ಬೇಡ ಎಂದರೆ ಬೇಡ, ಗಂಡಾದರೇನು ಹೆಣ್ಣಾದರೇನು. ಹತ್ತನೆಯದರಲ್ಲಿ ಸೋಜಿ ಸೈಕಲ್ಲಿನಿಂದ ಬಿದ್ದು ನೆನಪು ಕಳೆದುಕೊಂಡಾಗ ಗಿರಿಜಾಬಾಯಿ 'ಇನ್ನ ಸಾಕವಾ' ಎಂದು ಎದ್ದು ಹೋದಳು, ಎರಡು ದಿನ ಬರಲಿಲ್ಲ. ಎಲ್ಲಕ್ಕಿಂತ ದೊಡ್ಡ ತಪ್ಪು ಏಳರಿಂದ ಒಂಬತ್ತರ ತನಕ. ಒಂದು ಪತ್ರ ಕೈ ತಪ್ಪಿತು ಎಂದು ಇಬ್ಬರೂ ಮೂರು ಪುಸ್ತಕ ಮಾತು ಬಿಟ್ಟು ಕೂರುತ್ತಾರೆ. ಒಂದೇ ಊರು, ಒಂದೇ ಬಸ್ಸು. ಯಾರಾದರೊಬ್ಬರು ಬಾಯಿ ಬಿಟ್ಟಿದ್ದರೆ ಅರ್ಧ ಪುಟದಲ್ಲಿ ಮುಗಿಯುತ್ತಿತ್ತು. ಇಷ್ಟು ಹಟಮಾರಿಗಳು ಜಗತ್ತಿನಲ್ಲಿ ಇರುತ್ತಾರೆಯೇ ಎಂದು ನಾನು ಬೈದೆ. ಅಡುಗೆಮನೆಯಿಂದ ನಿನ್ನ ಅವ್ವ, 'ನಮ್ಮನ್ಯಾಗ ಇಬ್ಬರು ಅದಾರ್ರಿ ಅತ್ತಿ' ಎಂದಳು.

ಒಂದು ದಿನದ ಮಾತು ಹೇಳಲೇಬೇಕು. ಶ್ರಾವಣ ಮುಗಿಯುವ ಹೊತ್ತು, ಆರನೆಯ ಪುಸ್ತಕ ನಡೆದಿತ್ತು. ಸುಮನಳ ತಾಯಿಗೆ ಮಿರಜಿನಲ್ಲಿ ಕಣ್ಣಿನ ಆಪರೇಷನ್, ಅವಳು ಬರಲಿಲ್ಲ, ಗಿರಿಜಾಬಾಯಿ ಒಬ್ಬಳೇ ಬಂದಳು. ಐದೂವರೆಯಾಯಿತು, ಆರಾಯಿತು. ನಿನ್ನ ಅವ್ವ ತಾಟು ಮುಚ್ಚಿಟ್ಟಳು. ಆಗ ನಿಮ್ಮಪ್ಪ ಮಾರ್ಕೆಟ್ ಯಾರ್ಡಿನ ತನ್ನ ಅರಿಷಿಣದ ಅಂಗಡಿಯಿಂದ ಬಂದ, ಅಂಗೈ ತುಂಬ ಹಳದಿ. 'ನೀ ಓದೋ ನೀಲೇಶ, ಕಾಲೇಜು ಕಲ್ತಾಂವ ಅದೀಯಲ್ಲ' ಎಂದಳು ಗಿರಿಜಾಬಾಯಿ. 'ಇಂಥಾದ್ದು ನಾ ಓದಂಗಿಲ್ಲ' ಎಂದ. ನಾನು ನೀರು ಕುಡಿದು ಕುಳಿತೆ. ಸೂರ್ಯ ಮೊದಲನೆಯ ಟಾಕಿ ದಾಟಿ ಎರಡನೆಯದಕ್ಕೆ ಬಂದ. ನಿಮ್ಮಪ್ಪ ನನ್ನ ಮುಖ ನೋಡಿದ, ತಾಟು ನೋಡಿದ, ಪುಸ್ತಕ ಎತ್ತಿಕೊಂಡ. ದರದ ಫಲಕ ಓದುವ ಹಾಗೆ ಗಡಗಡ ಓದಿದ. ಮನೆಗೆ ಕಾಲಿಡಬೇಡ ಎಂದಿದ್ದ ಮಿನೋರುವಿನ ಅಪ್ಪ ಮೂರು ವರ್ಷದ ಮೇಲೆ, ಮಗ ಅಂಗಡಿಯ ಹೊರಗೆ ಮಳೆಯಲ್ಲಿ ನಿಂತಿದ್ದಾನೆಂದು ತಿಳಿದು, ಎಳೆಯುತ್ತಿದ್ದ ಶಟರನ್ನು ಅರ್ಧಕ್ಕೆ ನಿಲ್ಲಿಸುತ್ತಾನಲ್ಲ, ಆ ಅಧ್ಯಾಯ. ಕಡೆಯ ಪುಟ ಪೂರ್ತಿ ಬರೀ ಆ ಶಟರು. ನಿಮ್ಮಪ್ಪ ಓದು ನಿಲ್ಲಿಸಿದ. 'ಇಲ್ಲಿ ಮಾತಿಲ್ಲ' ಎಂದ. 'ಹಂಗಾದ್ರ ಚಿತ್ರ ನೋಡು' ಎಂದೆ. ಬಹಳ ಹೊತ್ತು ನೋಡಿದ, ಮಗಳೇ. ಇಪ್ಪತ್ತೈದು ವರ್ಷದಿಂದ ಅಂಗಡಿಯ ಶಟರು ಎತ್ತಿ ಇಳಿಸಿದವನು ಅವನು. ಆಮೇಲೆ 'ಊಟ ಮಾಡವ್ವಾ, ಹೊತ್ತಾತು' ಎಂದು ಎದ್ದುಹೋದ.

ಈಗ ನನ್ನ ಸಂಕಟ ಕೇಳು. ನಿನ್ನೆ ಹದಿನಾಲ್ಕನೆಯದು ಶುರುವಾಯಿತು. ಇನ್ನೊಂದು ವಾರಕ್ಕೆ ಮುಗಿಯುತ್ತದೆ. ಹದಿನೈದು ಪುಸ್ತಕಗಳಿವೆ ಎಂದು ಸುಮನ ಹೇಳುತ್ತಾಳೆ, ಡಬ್ಬದಲ್ಲಿ ಇರುವುದು ಹದಿನಾಲ್ಕು. ಕಡೆಯದು ಆ ದಿನ ನಿನ್ನ ಬ್ಯಾಗಿನಲ್ಲಿ ಹೋಗಿದೆ. ಪೂರ್ತಿ ಕೇಳದೆ ನನ್ನ ನಿಯಮ ಮುಗಿಯುವುದಿಲ್ಲ, ಅಧ್ಯಾಯ ಇಲ್ಲದ ಸಂಜೆ ನನಗೆ ಅನ್ನವಿಲ್ಲ. ಎಪ್ಪತ್ಮೂರರ ಮುದುಕಿಯನ್ನು ಉಪವಾಸ ಕೆಡಹಿದ ಪಾಪ ನಿನಗೆ ಬೇಡ. ಹಣೆಬರಹ ಏನೇ ಇರಲಿ, ಸೋಜಿಯ ಗತಿ ಏನಾಯಿತು ಎಂದು ತಿಳಿಯದೆ ಸಾಯಲು ನಾನು ತಯಾರಿಲ್ಲ.

ಮೈ ಕಾಯ್ದುಕೋ, ತಲೆಗೆ ಎಣ್ಣೆ ಹಚ್ಚು. ಗಿರಿಜಾಬಾಯಿ, ಸುಮನ ನಿನ್ನನ್ನು ಕೇಳಿದರು. ಜಿನೇಂದ್ರ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಜ್ಜಿ,
ಕಮಲಾಬಾಯಿ

ತಾ.ಕ. ಲಕೋಟೆ ಅಂಟಿಸುವ ಮೊದಲು ಇದನ್ನು ಬರೆದುಬಿಡುತ್ತೇನೆ. ಬೆಳಿಗ್ಗೆ ಹದಿನಾಲ್ಕನೆಯದನ್ನು ತೆಗೆದೆ. ನಾವು ಇನ್ನೂ ಮುಟ್ಟದ ಪುಟಗಳ ಅಂಚಿಗೆ ಹಳದಿ ಹೆಬ್ಬೆರಳಿನ ಗುರುತು. ಹಿಂದಿನವನ್ನು ತೆರೆದು ನೋಡಿದೆ. ಏಳು, ಎಂಟು, ಒಂಬತ್ತು, ಎಲ್ಲದರಲ್ಲೂ ಇದೆ. ಆ ನೆನಪು ಹೋದ ಹತ್ತನೆಯದನ್ನೂ ಬಿಟ್ಟಿಲ್ಲ. ಮಧ್ಯಾಹ್ನ ನಿಮ್ಮಪ್ಪ ಊಟಕ್ಕೆ ಬಂದಾಗ, 'ಮುಂದ ಏನಾಗತೈತಿ ನನಗ ಹೇಳಬ್ಯಾಡಪಾ' ಎಂದೆ. ಕಿವಿಯ ತನಕ ಕೆಂಪಾದ. 'ಹದಿನೈದನೇದು ಇಲ್ಲಲ್ಲ, ಕುರಿಯರ್ ಮಾಡಾಕ ಬರಿ' ಎಂದ. ಕುರಿಯರಿನಲ್ಲಿ ಬಂದ ಪುಸ್ತಕ ನಾನು ಕೇಳುವುದಿಲ್ಲ ಎಂದೆ. ಉಣ್ಣದೆಯೇ ಚಪ್ಪಲಿ ಮೆಟ್ಟಿ ಬಾಗಿಲ ತನಕ ಹೋದವನು ತಿರುಗಿ ಬಂದ. 'ಹಂಗಾದ್ರ ಬಾ ಅಂತ ಬರಿ. ಅಪ್ಪ ಹೇಳ್ಯಾನ ಅಂತ ಬರಿ.' ಹುಚ್ಚು ಬಿಟ್ಟು ಬಾ ಎನ್ನಲಿಲ್ಲ, ವೃಷಾಲಿ. ಬರೀ ಬಾ ಎಂದ. ಅವನ ಎದುರಿಗೇ ಈ ಹಾಳೆಯ ಕೆಳತುದಿಗೆ ಒಂದು ಸಾಲು ಬರೆದೆ, ಮಿಕ್ಕಿದ್ದನ್ನು ಈಗ ಅದರ ಮೇಲಿನ ಜಾಗದಲ್ಲಿ ತುಂಬಿಸುತ್ತಿದ್ದೇನೆ. ಅವನಿಗೆ ಕನ್ನಡ ಓದಲು ಬಾರದು. 'ಇದರಾಗ ನಾ ಹೇಳಿದ್ದು ಯಾವುದು?' ಎಂದು ಕೇಳಿದ. ತೋರಿಸಿದೆ. ನಂಬಿಕೆಯಾಗದೆ ಹೆಬ್ಬೆರಳಿಟ್ಟು ಮತ್ತೊಮ್ಮೆ ಕೇಳಿದ. ಅರಿಷಿಣದ ಕೈ ಇನ್ನೂ ತೊಳೆದಿರಲಿಲ್ಲ.

ದೀಪಾವಳಿಗೆ ಮನೆಗೆ ಬಾ. ಅಪ್ಪ ಹೇಳಿದ್ದಾನೆ.