ಎರಡನೆಯ ಪುಟ

ಮನೆಯಿಂದ,
ಏಪ್ರಿಲ್ ೪, ಶನಿವಾರ

ಪ್ರೀತಿಯ ಎಂಜಿನ್ ಸಾಹೇಬರಿಗೆ,

ಹೇಗಿದ್ದೀರಿ? ಹಡಗಿನ ಎಂಜಿನ್ನಿಗೆ ಎಣ್ಣೆ ಹಾಕುವ ಭರದಲ್ಲಿ ನಿಮ್ಮ ಮೊಣಕಾಲಿಗೆ ಹಚ್ಚಿಕೊಳ್ಳುವುದನ್ನು ಮರೆಯಬೇಡಿ. ನಾವು ಕ್ಷೇಮ. ಹಾಗೆ ಬರೆಯುವಾಗಲೇ ಕೈ ಹಿಂಜರಿಯುತ್ತಿದೆ, ಯಾಕೆಂದು ಹೇಳುತ್ತೇನೆ.

ನಿಮ್ಮ ತಮ್ಮ ಅವರ ಮಗಳನ್ನು ಕರೆದುಕೊಂಡು ಬಂದು ನಾಲ್ಕು ದಿನ ಇದ್ದು ಹೋದರು. ಅವಳು ನಮ್ಮ ಚಿನಕುರಳಿಯ ಓರಗೆಯವಳು, ಅದೇ ಮೂರನೆಯ ತರಗತಿ, ಆದರೆ ಸರ್ಕಾರಿ ಶಾಲೆ. ಮಾತು ಕಡಿಮೆ. ನಮ್ಮವಳ ಟೈ, ಬೂಟು, ಬಣ್ಣದ ಪ್ರಾಜೆಕ್ಟುಗಳನ್ನೆಲ್ಲ ನಾನು ಹರಡಿ ತೋರಿಸಿದೆ. ಜಂಬ ನೆತ್ತಿಗೇರಿತ್ತು ಅನ್ನಿ. ಮೈದುನ ನಿಮ್ಮ ಹಿಂದಿನ ಪತ್ರವನ್ನು ನಮ್ಮವಳ ಕೈಲಿ ಓದಿಸಿದರು. ಚಿನಕುರಳಿ ಎಲ್ಲೂ ತಡವರಿಸದೆ ಪಟಪಟನೆ ಓದಿದಳು. ಅವರು ಬೆರಗಾಗಿ, ನನ್ನ ಮಗಳನ್ನೂ ಇಂಥ ಖಾಸಗಿ ಶಾಲೆಗೇ ಹಾಕುತ್ತೇನೆ ಎಂದರು. ಆಮೇಲೆ ಆ ಹುಡುಗಿ ಅಡುಗೆಮನೆಗೆ ಬಂದು ಮೆಲ್ಲಗೆ, "ದೊಡ್ಡಮ್ಮಾ, ಅವಳು ಹೇಳಿದ್ದು ಮೊದಲನೇ ಪುಟ. ಕೈಯಲ್ಲಿ ಹಿಡ್ಕೊಂಡಿದ್ದು ಎರಡನೇದು" ಎಂದಳು. ಚಾಡಿ ಹೇಳುವ ದನಿಯಲ್ಲ. ಪಾಪ, ಅವಳಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

ನನಗೆ ಗೊತ್ತಿತ್ತು. ನಾನು ಒಂದು ಸಲ ಓದಿ ಹೇಳಿದರೆ ಸಾಕು, ನಮ್ಮವಳಿಗೆ ಬಾಯಿಪಾಠ. ಶಾಲೆಯಲ್ಲೂ ಹಾಗೆಯೇ ಒಪ್ಪಿಸಿ ಶಹಭಾಸ್ ಅನ್ನಿಸಿಕೊಳ್ಳುತ್ತಾಳೆ. ಹೋಂವರ್ಕ್ ಮಾಡುವವಳು ನಾನು. ಪ್ರಾಜೆಕ್ಟಿಗೆ ಬಂದ ಬಹುಮಾನವೂ ನನ್ನದೇ. ಮನೆಯಲ್ಲಿ ಸ್ವಲ್ಪ ಗಮನ ಕೊಡಿ ಎಂದು ಟೀಚರ್ ಹೇಳಿದ್ದರು. ಕೂರಿಸಿಕೊಂಡು ಕಲಿಸುವ ಬದಲು ನಾನೇ ಪೆನ್ನು ಹಿಡಿದೆ. ಮಗುವಿಗೆ ನಾನೇ ಮೋಸ ಮಾಡಿದೆ.

ಆ ಹುಡುಗಿಯ ಶಾಲೆಯಲ್ಲಿ ಮೂರು ತರಗತಿಗೆ ಒಬ್ಬರೇ ಮೇಷ್ಟ್ರಂತೆ, ಕಿಟಕಿಗೆ ಬಾಗಿಲಿಲ್ಲವಂತೆ. ಓದಲು ಬರುವವರು ಬಾರದವರಿಗೆ ಹೇಳಿಕೊಡಬೇಕಂತೆ. ಅದೇ ಅಭ್ಯಾಸದಿಂದ ಅವಳು ನಮ್ಮವಳನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು, ನಿಮ್ಮ ಪತ್ರದ ಒಂದೊಂದೇ ಅಕ್ಷರದ ಕೆಳಗೆ ಬೆರಳಿಟ್ಟು ಓದಿಸಿದಳು. ಯಾರೂ ಯಾರನ್ನೂ ಬೈಯಲಿಲ್ಲ, ನಾನು ಪಾತ್ರೆ ತೊಳೆಯುತ್ತಾ ಕೇಳುತ್ತಿದ್ದೆ.

ಊಟ, ನಿದ್ದೆ ಜೋಪಾನ.

ನಿಮ್ಮ,
ಚಿನಕುರಳಿಯ ಅಮ್ಮ

ವಿ.ಸೂ.: ವರ್ಷದಿಂದ ಅವಳ ಹೆಸರಲ್ಲಿ ನಿಮಗೆ ಬಂದ ಪತ್ರಗಳೆಲ್ಲ ನಾನು ಎಡಗೈಯಲ್ಲಿ ಬರೆದವು. ನೀವು ಅವನ್ನೇ ಫೋಟೋ ತೆಗೆದು ತಮ್ಮನಿಗೆ ಕಳಿಸಿ ಶಾಲೆಯನ್ನು ಹೊಗಳಿದ್ದೀರಿ. ಮುಂದಿನ ತಿಂಗಳು ಅವರು ಮಗಳ ಟಿ.ಸಿ. ತೆಗೆಸುತ್ತಾರಂತೆ. ನಿಜ ಹೇಳುವ ಬದಲು ನಾನು ಬುತ್ತಿ ಕಟ್ಟಿಕೊಟ್ಟು ಕಳಿಸಿದೆ. ಬಂದರು ಸೇರಿದ ಕೂಡಲೇ ಫೋನ್ ಮಾಡಿ ತಡೆಯಿರಿ, ನನ್ನ ಹೆಸರು ಹೇಳಿಯೇ ತಡೆಯಿರಿ. ಜೊತೆಗಿರುವ ಚೀಟಿಯಲ್ಲಿ ಎರಡೇ ಪದಗಳಿವೆ. ಬರೆಯಲು ಚಿನಕುರಳಿಗೆ ಅರ್ಧ ಗಂಟೆ ಹಿಡಿಯಿತು. ನಾನು ಮುಟ್ಟಿಲ್ಲ.