ಪರವಾಗಿಲ್ಲ ಎಂದ ತಪ್ಪಿಗೆ

ಅಜ್ಜಂಪುರ, ಸೋಮವಾರ

ಡಾಕ್ಟರಿಗೆ ಹಾಲಮ್ಮನ ನಮಸ್ಕಾರ.

ಹೋದ ವಾರ ತರೀಕೆರೆಗೆ ಬಂದಾಗ ನೀವು "ಹೇಗಿದೀರಮ್ಮಾ?" ಎಂದಿರಿ. ನಾನು "ಪರ್ವಾಗಿಲ್ಲ ಸಾರ್" ಎಂದೆ. ಅಷ್ಟಕ್ಕೇ ಚೀಟಿಯಲ್ಲಿ ನೋವು ಕಡಿಮೆಯಾಗಿದೆ ಎಂದು ಬರೆದು ಮಾತ್ರೆ ಅರ್ಧ ಮಾಡಿಬಿಟ್ಟಿದ್ದೀರಿ. ಜ್ವರ ಬಂದು ಮಲಗಿದ್ದರೂ ನಮ್ಮ ಕಡೆ ಪರವಾಗಿಲ್ಲ ಎಂದೇ ಹೇಳುವುದು ಸ್ವಾಮಿ! ಅದನ್ನೂ ರಿಪೋರ್ಟ್ ಅಂದುಕೊಂಡರೆ ಹೇಗೆ?

ಈ ಸಂಧಿವಾತ ವಾಸಿಯಾಗುವುದಿಲ್ಲ, ಹತೋಟಿಯಲ್ಲಿ ಇಡಬಹುದಷ್ಟೇ ಎಂದು ಒಂಬತ್ತು ವರ್ಷದಿಂದ ಹೇಳುತ್ತಿದ್ದೀರಿ. ಒಪ್ಪಿಕೊಂಡಿದ್ದೇನೆ. ಆದರೆ ಊರಿಗೆಲ್ಲ ಬ್ಲೌಸ್ ಹೊಲಿದುಕೊಟ್ಟ ನಾನು ಈಗ ನನ್ನ ಬ್ಲೌಸಿನ ಹುಕ್ಸ್ ಹಾಕಿಸಿಕೊಳ್ಳಲು ಸೊಸೆ ನಯನಳನ್ನು ಕೂಗಬೇಕು. ಇದನ್ನು ಬರೆಯುತ್ತಿರುವವಳೂ ಅವಳೇ. "ಅತ್ತೆ, ಡಾಕ್ಟ್ರಿಗೆ ಹಂಗೆಲ್ಲ ಬರೀಬಾರ್ದು" ಅನ್ನುತ್ತಾಳೆ. "ಬರಿ ಕಣೇ" ಎಂದಿದ್ದೇನೆ.

ದಯವಿಟ್ಟು ಹಳೆಯ ಡೋಸನ್ನೇ ಬರೆದು ಅವಳ ಕೈಲಿ ಕೊಟ್ಟು ಕಳಿಸಿ. ಮುಂದಿನ ಸಲ ನನ್ನನ್ನು ಹೇಗಿದೀರಿ ಎಂದು ಕೇಳಲೇಬೇಡಿ. ಮತ್ತೆ ಪರವಾಗಿಲ್ಲ ಎಂದುಬಿಡುತ್ತೇನೆ. ಮುಷ್ಟಿ ಕಟ್ಟಿ ತೋರಿಸಿ ಎನ್ನಿ, ನಿಮಗೇ ಗೊತ್ತಾಗುತ್ತದೆ.

ಇಂತಿ,
ಹಾಲಮ್ಮ

ಕೆಳಗೆ ಹೆಬ್ಬೆಟ್ಟು ಒತ್ತಿದ್ದೇನೆ. ಓದು ಬರದವಳು ಅಂದುಕೊಳ್ಳಬೇಡಿ, ನಾನು ಎಸ್ಸೆಸ್ಸೆಲ್ಸಿ ಪಾಸು.